ಬೇಲಿ ಕಂಬದ ಗುಂಡಿಗೆ ಎಷ್ಟು ಇಂಚಿನ ಬಿಟ್? ಮೂರು ಎಕರೆ ಹೊಲದ ಒಂದು ಪ್ರಕರಣ

ಹಿರಿಯೂರು ಸೀಮೆಯ ಮೂರು ಎಕರೆ ಹೊಲ. 33 ಅಡಿಯ ಸರ್ವೆ ಸರಪಳಿಯಲ್ಲಿ ಅಳೆದರೆ ಉದ್ದ 12 ಸರಪಳಿ, ಅಗಲ 10 ಸರಪಳಿ. ಅಂದರೆ 396 ಅಡಿ ಮತ್ತು 330 ಅಡಿ, ಸುತ್ತಳತೆ 1,452 ಅಡಿ. ರಸ್ತೆಗೆ ತಾಗಿದ ಮೇಲ್ಭಾಗದಲ್ಲಿ ಕೆಮ್ಮಣ್ಣು, ಒಂದೂವರೆ ಅಡಿ ಇಳಿದರೆ ಗರಸು, ಅಂದರೆ ಕಲ್ಲುಚೂರು ಬೆರೆತ ಗಟ್ಟಿ ಮಣ್ಣು. ಹಳ್ಳದ ಕಡೆಯ ತಗ್ಗಿನಲ್ಲಿ ಎರೆ, ಅಂದರೆ ಜಿಗುಟಾದ ಕಪ್ಪು ಮಣ್ಣು. ಹಾಕಬೇಕಾದದ್ದು 4 ಅಡಿ ಎತ್ತರದ ಚೈನ್‌ಲಿಂಕ್ ಜಾಲರಿ, ಅದರ ಮೇಲೆ ಎರಡು ಎಳೆ ಮುಳ್ಳುತಂತಿ.

ಸರಪಳಿಗೆ ನಾಲ್ಕು ಕಂಬದಂತೆ 8¼ ಅಡಿಗೊಂದು ಕಂಬ ಎಂದು ತೀರ್ಮಾನವಾಗಿತ್ತು. ಸುತ್ತು ಹಾಕಿದರೆ 176 ಜಾಗ ಬರುತ್ತವೆ. ರಸ್ತೆ ಬದಿಯಲ್ಲಿ ಒಂದು ಕಂಬ ಬಿಟ್ಟರೆ 16½ ಅಡಿ ತೆರಪು ಸಿಗುತ್ತದೆ, ಎಂಟೆಂಟು ಅಡಿಯ ಎರಡು ರೆಕ್ಕೆಯ ಗೇಟಿಗೆ ಅದು ಸರಿಹೋಗುತ್ತದೆ. ಉಳಿದ 175ರಲ್ಲಿ ಮೂಲೆಗೆ 4, ಗೇಟಿಗೆ 2, ಜಾಲರಿ ಎಳೆದು ಬಿಗಿಯಲು ಒಂದೊಂದು ಬದಿಗೆ ಮೂರರಂತೆ 12. ಈ 18 ಕಂಬಗಳು 8 ಅಡಿಯ ಕಲ್ಲುಕಂಬಗಳು, ಮುಖ ಸುಮಾರು 6×6 ಇಂಚು. ಮಿಕ್ಕ 157 ಸಾಲುಕಂಬಗಳು 7 ಅಡಿಯ, 4×4 ಇಂಚಿನ ಸಿಮೆಂಟ್ ಕಂಬಗಳು. ಇವಲ್ಲದೆ ಓರೆಯಾಗಿ ಕೊಡುವ 34 ಸಪೋರ್ಟ್ ಕಂಬಗಳು: ಮೂಲೆಗೂ ಬಿಗಿಯುವ ಕಂಬಕ್ಕೂ ಎರಡೆರಡು, ಗೇಟಿನ ಕಂಬಕ್ಕೆ ಒಂದೊಂದು.

ಕೈಯಲ್ಲಿದ್ದದ್ದು ಗುಂಡಿ ತೋಡುವ ಮಷಿನ್, 63 ಸಿಸಿಯ ಪೆಟ್ರೋಲ್ ಆಗರ್, ಒಬ್ಬರು ಹಿಡಿಯುವಂಥದ್ದು. ಇದರ ತುದಿಗೆ ಹಾಕುವ, ಮಣ್ಣು ಕೊರೆಯುವ ಸುರುಳಿಯೇ ಬಿಟ್. ಅಂಗಡಿಯಲ್ಲಿ 4, 6, 8, 10, 12 ಇಂಚಿನ ಬಿಟ್‌ಗಳು ಸಿಗುತ್ತವೆ. ಯಾವುದು ತರಬೇಕು ಎನ್ನುವಲ್ಲಿ ಎರಡು ಸಲಹೆ ಬಂದಿದ್ದವು. ಅಂಗಡಿಯವರದು: ಕಂಬ 4 ಇಂಚು ಅಲ್ಲವೇ, 6 ಸಾಕು. ಬೇಲಿ ಗುತ್ತಿಗೆದಾರರದು: ಗುಂಡಿ ಕಂಬದ ಮೂರು ಪಟ್ಟು ಇರಬೇಕು, ಎಲ್ಲಕ್ಕೂ 12 ಇಂಚು ತೋಡಿ ಕಾಂಕ್ರೀಟು ಹಾಕಿ. ಎರಡೂ ಗಾಳಿಮಾತಲ್ಲ. ಕಾಂಕ್ರೀಟಿನಲ್ಲಿ ನಿಲ್ಲಿಸುವ ಕಂಬಕ್ಕೆ ಮೂರು ಪಟ್ಟು ಅಗಲ, ಒಟ್ಟು ಉದ್ದದ ಮೂರನೇ ಒಂದು ಪಾಲು ಆಳ ಎನ್ನುವುದು ಹಳೆಯ ರೂಢಿ. 6 ಇಂಚೂ ಸರಿಯೇ, ಕಂಬ ದುಂಡಗಿನ ಜಿಐ ಪೈಪ್ ಆಗಿದ್ದರೆ. ಇಲ್ಲಿರುವುದು ಚೌಕ ಕಂಬ, ಮಣ್ಣು ಎರಡು ಬಗೆ, ಕಂಬದ ಕೆಲಸವೂ ಎರಡು ಬಗೆ. ಹಾಗಾಗಿ ಇಡೀ ಹೊಲಕ್ಕೆ ಒಂದೇ ಬಿಟ್ ಎಂಬ ಎಣಿಕೆಯೇ ತಪ್ಪು.

ಅಳೆಯಬೇಕಾದದ್ದು ಮುಖವನ್ನಲ್ಲ, ಮೂಲೆಯಿಂದ ಮೂಲೆಗೆ

ದುಂಡು ಗುಂಡಿಯೊಳಗೆ ಚೌಕ ಕಂಬ ಇಳಿಯುವಾಗ ಅಡ್ಡ ಬರುವುದು ಅದರ ಮೂಲೆ. 4×4 ಇಂಚಿನ ಕಂಬದ ಮೂಲೆಯಿಂದ ಮೂಲೆಗೆ 5.66 ಇಂಚು. ಲೆಕ್ಕದಲ್ಲಿ 6 ಇಂಚಿನ ಗುಂಡಿಗೆ ಇಳಿಯಬೇಕು. ಆದರೆ ಅಚ್ಚಿನಲ್ಲಿ ಎರಕ ಹೊಯ್ದ ಸಿಮೆಂಟ್ ಕಂಬ ಕಾಲು ಇಂಚು ಉಬ್ಬಿರುವುದು ಮಾಮೂಲು. 4¼ ಇಂಚಿನ ಕಂಬದ ಮೂಲೆ ಅಳತೆ 6 ಇಂಚು ಮುಟ್ಟಿಬಿಡುತ್ತದೆ, ಕಂಬ ಅರ್ಧಕ್ಕೇ ಸಿಕ್ಕಿಕೊಳ್ಳುತ್ತದೆ. ಬಂದ ಲೋಡಿನಿಂದ ಹತ್ತು ಕಂಬ ಆರಿಸಿ, ಬುಡದಿಂದ ಎರಡು ಅಡಿವರೆಗೆ ಟೇಪು ಹಿಡಿದು ಅತಿ ದಪ್ಪನೆಯ ಅಳತೆಯನ್ನು ಬರೆದಿಟ್ಟುಕೊಳ್ಳಬೇಕು. ಬಿಟ್ ಆರಿಸುವ ಲೆಕ್ಕ ಆ ಅಳತೆಯಿಂದ ಶುರು.

ಕಂಬ ಇಳಿದರಷ್ಟೇ ಸಾಲದು, ಸಾಲಿನ ಗುರುತಿಗೆ ಕಟ್ಟಿದ ದಾರಕ್ಕೆ ತರಲು ಅದನ್ನು ಗುಂಡಿಯೊಳಗೆ ಆಚೀಚೆ ಸರಿಸಲು ಜಾಗ ಬೇಕು. 4 ಇಂಚಿನ ಚೌಕ ಕಂಬವನ್ನು ನಡುವಿನಿಂದ ಒಂದು ಕಡೆಗೆ ಎಷ್ಟು ಸರಿಸಬಹುದು ಎಂದು ಲೆಕ್ಕ ಹಾಕಿದರೆ ಚಿತ್ರ ಸ್ಪಷ್ಟವಾಗುತ್ತದೆ. 6 ಇಂಚಿನ ಗುಂಡಿಯಲ್ಲಿ ಕಾಲು ಇಂಚೂ ಇಲ್ಲ, ಬರೀ 6 ಮಿ.ಮೀ. 8 ಇಂಚಿನಲ್ಲಿ ಸುಮಾರು ಒಂದೂವರೆ ಇಂಚು. 10ರಲ್ಲಿ ಎರಡೂವರೆ, 12ರಲ್ಲಿ ಮೂರೂವರೆ ದಾಟುತ್ತದೆ.

ಈ ಜಾಗ ಯಾಕೆ ಬೇಕೆಂದರೆ ಕೈಯಲ್ಲಿ ಹಿಡಿದ ಆಗರ್ ಎಷ್ಟೇ ಹುಷಾರಾಗಿ ಇಳಿಸಿದರೂ ಗುಂಡಿ ತುಸು ವಾಲುತ್ತದೆ. ಮೂರು ಡಿಗ್ರಿ ವಾಲಿದರೆ ಕಣ್ಣಿಗೆ ಕಾಣುವುದೇ ಇಲ್ಲ, ಆದರೆ ಎರಡು ಅಡಿ ಕೆಳಗೆ ಗುಂಡಿಯ ತಳ ಒಂದೂಕಾಲು ಇಂಚು ಪಕ್ಕಕ್ಕೆ ಹೋಗಿರುತ್ತದೆ. 8 ಇಂಚಿನ ಗುಂಡಿ ಈ ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳುತ್ತದೆ. 6 ಇಂಚಿನದು ಹಾಕಿಕೊಳ್ಳುವುದಿಲ್ಲ. ಕಂಬ ನೆಟ್ಟಗೆ ನಿಲ್ಲಬೇಕಾದರೆ ದಾರ ಬಿಟ್ಟು ನಿಲ್ಲುತ್ತದೆ, ದಾರಕ್ಕೆ ತಂದರೆ ವಾಲುತ್ತದೆ.

ಅದೇ ಲೆಕ್ಕ ಕಲ್ಲುಕಂಬಕ್ಕೆ: 6×6ರ ಮೂಲೆ ಅಳತೆ 8½ ಇಂಚು. 10 ಇಂಚಿನ ಗುಂಡಿಯಲ್ಲಿ ಸರಿಸಲು ಒಂದೇ ಇಂಚು, 12ರಲ್ಲಿ ಎರಡು ಇಂಚು ಚಿಲ್ಲರೆ. ಕಲ್ಲುಕಂಬ ಉಳಿಯಲ್ಲಿ ಸೀಳಿದ್ದು, ಒಂದು ಕಡೆ ಅರ್ಧ ಇಂಚು ಉಬ್ಬು, ಇನ್ನೊಂದು ಕಡೆ ತಗ್ಗು. 10ರ ಒಂದು ಇಂಚು ಆ ಉಬ್ಬಿಗೇ ಹೋಗುತ್ತದೆ. ಗ್ರಾನೈಟ್ ಘನ ಅಡಿಗೆ ಸುಮಾರು 75 ಕೆ.ಜಿ., ಹಾಗಾಗಿ 8 ಅಡಿಯ ಈ ಕಂಬ ಒಂದೂವರೆ ಕ್ವಿಂಟಲ್ ತೂಗುತ್ತದೆ. ಗುಂಡಿಗೆ ಇಳಿದ ಮೇಲೆ ಅದನ್ನು ಮತ್ತೆ ಎತ್ತಿ ಗುಂಡಿ ಅಗಲ ಮಾಡುವುದು ಹುಡುಗಾಟವಲ್ಲ. ಕಲ್ಲುಕಂಬಕ್ಕೆ 12ಕ್ಕಿಂತ ಕಡಿಮೆ ಯೋಚಿಸಲೇಬಾರದು.

ಸುತ್ತ ಏನು ತುಂಬುತ್ತೀರಿ?

ಬಿಟ್ ಅಳತೆಯನ್ನು ನಿಜವಾಗಿ ತೀರ್ಮಾನಿಸುವುದು ಈ ಪ್ರಶ್ನೆ. ಕಂಬದ ಮುಖಕ್ಕೂ ಗುಂಡಿಯ ಗೋಡೆಗೂ ನಡುವೆ ಉಳಿಯುವ ಸಂದಿಯಲ್ಲಿ ಮಣ್ಣು ತುಂಬಿ ದಮ್ಮಸು ಹೊಡೆಯುವುದಾದರೆ ಹಾರೆ ಒಳಗೆ ಆಡಬೇಕು. 6 ಇಂಚಿನ ಗುಂಡಿಯಲ್ಲಿ ಮುಖದ ಮುಂದೆ ಒಂದು ಇಂಚು ಸಂದಿ, ಮೂಲೆಯಲ್ಲಿ ಬೆರಳೂ ಹೋಗದು. ಒಂದೂಕಾಲು ಇಂಚಿನ ಹಾರೆಯ ಮೊಂಡು ತುದಿ ಅಲ್ಲಿ ಇಳಿಯುವುದೇ ಇಲ್ಲ. ಮೇಲಿನಿಂದ ಸುರಿದ ಮಣ್ಣು ಅರ್ಧದಲ್ಲಿ ಕಟ್ಟಿಕೊಂಡು ಕೆಳಗೆ ಟೊಳ್ಳು ಉಳಿಯುತ್ತದೆ. ಮೇಲೆ ಗಟ್ಟಿಯಾಗಿ ಕಾಣುವ ಕಂಬ ಮೊದಲ ಮಳೆಗೆ ಅಲ್ಲಾಡುತ್ತದೆ. 8 ಇಂಚಿನಲ್ಲಿ ಮುಖದ ಮುಂದೆ ಎರಡು ಇಂಚು ಸಿಗುತ್ತದೆ, ನಾಲ್ಕೂ ಕಡೆ ಹಾರೆಯ ಮೊಂಡು ತುದಿಯಿಂದ ಚೆನ್ನಾಗಿ ಇಡಿಯಬಹುದು.

ಹಾಗಾದರೆ 10 ಅಥವಾ 12 ಮಾಡಿ ಇನ್ನೂ ಸಲೀಸಾಗಿ ಇಡಿದರೆ ಆಗದೇ? ಗಟ್ಟಿ ಕೆಮ್ಮಣ್ಣಿನಲ್ಲಿ ಅದು ನಷ್ಟದ ವ್ಯವಹಾರ. ಕಂಬವನ್ನು ಕೊನೆಗೆ ತಡೆದು ನಿಲ್ಲಿಸುವುದು ನೀವು ತುಂಬಿದ ಮಣ್ಣಲ್ಲ, ಗುಂಡಿಯ ಆಚೆಗಿರುವ, ಯಾರೂ ಮುಟ್ಟದ ಮಣ್ಣು. ಆ ಗೋಡೆ ಕಂಬಕ್ಕೆ ಹತ್ತಿರ ಇದ್ದಷ್ಟೂ ಒಳ್ಳೆಯದು. ಎಷ್ಟೇ ಇಡಿದರೂ ತುಂಬಿದ ಮಣ್ಣು ಹುಟ್ಟು ನೆಲದಷ್ಟು ಬಿಗಿಯಾಗುವುದಿಲ್ಲ, ಅದರ ಪಟ್ಟಿ ದಪ್ಪವಾದಷ್ಟೂ ಕಂಬ ಸಡಿಲವಾಗುತ್ತದೆ. ಹಾಗಾಗಿ ದಮ್ಮಸು ಹೊಡೆಯುವ ಸಾಲುಕಂಬಕ್ಕೆ ಹಾರೆ ಆಡುವಷ್ಟು ಸಂದಿ ಸಾಕು, ಅದಕ್ಕಿಂತ ಹೆಚ್ಚು ಬೇಡ. 4 ಇಂಚಿನ ಕಂಬಕ್ಕೆ ಅದು 8.

ಕಾಂಕ್ರೀಟಿನ ಲೆಕ್ಕ ಬೇರೆ. ಎರಡು ಅಡಿ ಆಳದ 8 ಇಂಚಿನ ಗುಂಡಿಯಲ್ಲಿ ಕಂಬದ ಜಾಗ ಕಳೆದರೆ ಉಳಿಯುವುದು 0.48 ಘನ ಅಡಿ, 12 ಇಂಚಿನದರಲ್ಲಿ 1.35 ಘನ ಅಡಿ. ಹತ್ತಿರ ಹತ್ತಿರ ಮೂರು ಪಟ್ಟು. ಗುತ್ತಿಗೆದಾರರು ಹೇಳಿದಂತೆ 157 ಸಾಲುಕಂಬಕ್ಕೂ 12 ಇಂಚು ತೋಡಿ 1:3:6ರ (ಸಿಮೆಂಟು, ಮರಳು, ಜಲ್ಲಿ) ಕಾಂಕ್ರೀಟು ಹಾಕಿದರೆ 212 ಘನ ಅಡಿ, ಅಂದರೆ 6 ಘನ ಮೀಟರ್. ಸಿಮೆಂಟೇ 26–27 ಚೀಲ. ಅದೇ ಕಾಂಕ್ರೀಟು 8 ಇಂಚಿನ ಗುಂಡಿಗೆ ಹಾಕಿದ್ದರೆ 9–10 ಚೀಲದಲ್ಲಿ ಮುಗಿಯುತ್ತದೆ. ಸಾಲುಕಂಬದ ಮೇಲೆ ಜಾಲರಿಯ ಎಳೆತ ಬೀಳುವುದಿಲ್ಲ. ಎಳೆತವನ್ನೆಲ್ಲ ಮೂಲೆ ಕಂಬಗಳೂ ಬಿಗಿಯುವ ಕಂಬಗಳೂ ಹೊರುತ್ತವೆ. ಸಾಲುಕಂಬದ ಕೆಲಸ ಜಾಲರಿಯನ್ನು ನೆಟ್ಟಗೆ ಹಿಡಿಯುವುದು, ದನ ಒರಗಿದರೆ ತಡೆಯುವುದು. ಕೆಮ್ಮಣ್ಣಿನಲ್ಲಿ ಚೆನ್ನಾಗಿ ದಮ್ಮಸು ಹೊಡೆದ ಕಂಬ ಅಷ್ಟನ್ನು ನಿಭಾಯಿಸುತ್ತದೆ.

8 ಇಂಚಿನ ಗುಂಡಿಗೆ ಕಾಂಕ್ರೀಟು ಹಾಕಲೇಬೇಕಾದ ಕಡೆ ಒಂದು ಎಚ್ಚರ: ಕಂಬದ ಮೂಲೆಗೂ ಗುಂಡಿಗೂ ನಡುವೆ ಇರುವುದು 30 ಮಿ.ಮೀ. ಮಾತ್ರ. 20 ಮಿ.ಮೀ. ಜಲ್ಲಿ ಅಲ್ಲಿ ಸಿಕ್ಕಿಕೊಂಡು ಕೆಳಗೆ ಗೂಡು ಬಿಡುತ್ತದೆ. 12 ಮಿ.ಮೀ. ಜಲ್ಲಿಯನ್ನೇ ಬಳಸಿ, ಸರಳಿನಿಂದ ಚುಚ್ಚುತ್ತಾ ತುಂಬಬೇಕು.

ಮಷಿನ್ ಎಷ್ಟು ತಡೆಯುತ್ತದೆ

ಬಿಟ್ 8ರಿಂದ 12 ಇಂಚಿಗೆ ಹೋದರೆ ಅಗಲ ಒಂದೂವರೆ ಪಟ್ಟು, ಕತ್ತರಿಸಬೇಕಾದ ಮಣ್ಣು ಮಾತ್ರ ಎರಡೂಕಾಲು ಪಟ್ಟು. ಅಲಗಿನ ತುದಿ ನಡುವಿನಿಂದ ದೂರ ಸರಿಯುವುದರಿಂದ ತಿರುಚುವ ಬಲ ಇನ್ನೂ ಹೆಚ್ಚು ಬೇಕು, ಅದು ಹಿಡಿದವರ ಕೈಗೇ ಬಂದು ಬಡಿಯುತ್ತದೆ. 63 ಸಿಸಿ ಎಂಜಿನ್ ಮೆದು ಮಣ್ಣಿನಲ್ಲಿ 12 ಇಂಚಿನ ಬಿಟ್ ತಿರುಗಿಸುತ್ತದೆ, ಡಬ್ಬಿಯ ಮೇಲೆ ಹಾಗೆ ಬರೆದಿರುವುದು ಸುಳ್ಳಲ್ಲ. ಗರಸಿಗೆ ತಾಗಿದ ಕೂಡಲೇ ಬಿಟ್ ನಿಲ್ಲುತ್ತದೆ, ಎಂಜಿನ್ ಕೂಗುತ್ತಿರುತ್ತದೆ, ಕ್ಲಚ್ ಜಾರಿ ಸುಟ್ಟ ವಾಸನೆ ಬರುತ್ತದೆ. ಹಾಗೆ ನಾಲ್ಕಾರು ಗುಂಡಿ ಒತ್ತಿದರೆ ಕ್ಲಚ್ ಶೂ ಬದಲಾಯಿಸುವ ಕೆಲಸ ಕಟ್ಟಿಟ್ಟದ್ದು.

ಎತ್ತುವ ಭಾರವನ್ನೂ ನೋಡಬೇಕು. ಆರಾರು ಇಂಚು ಇಳಿಸಿ ಮಣ್ಣು ಹೊರತೆಗೆಯುತ್ತೀರಿ ಅಂದುಕೊಳ್ಳಿ. ಹಸಿ ಮಣ್ಣು 8 ಇಂಚಿನ ಬಿಟ್ ಮೇಲೆ 9 ಕೆ.ಜಿ. ಕೂತರೆ 12ರ ಮೇಲೆ 20 ಕೆ.ಜಿ. ಕೂರುತ್ತದೆ. ಎಂಜಿನ್, ಬಿಟ್ ಸೇರಿ 15 ಕೆ.ಜಿ. ಆಸುಪಾಸು ಮೊದಲೇ ಇದೆ. ಒಂದು ಗುಂಡಿಗೆ ನಾಲ್ಕು ಸಲ, ದಿನಕ್ಕೆ 60 ಗುಂಡಿ. ಸೊಂಟ ಕೇಳುವ ಪ್ರಶ್ನೆ ಇದು. 12 ಇಂಚಿನ ಕೆಲಸವನ್ನು ಟ್ರ್ಯಾಕ್ಟರ್ ಹಿಂದಿನ ಡಿಗ್ಗರ್‌ಗೆ ಬಿಡುವುದು ವಾಸಿ. 35 ಎಚ್‌ಪಿ ದಾಟಿದ ಟ್ರ್ಯಾಕ್ಟರ್, 540 ಆರ್‌ಪಿಎಂ ಪಿಟಿಒ (ಹಿಂದಿನ ಉಪಕರಣವನ್ನು ತಿರುಗಿಸುವ ದಂಡ), 3 ಅಡಿ ಆಳ ಸರಾಗ. ಬಾಡಿಗೆಗೆ ಸಾಮಾನ್ಯವಾಗಿ 9, 12, 18 ಇಂಚಿನವು ಸಿಗುತ್ತವೆ.

ಟ್ರ್ಯಾಕ್ಟರಿನಲ್ಲೇ ಎಲ್ಲಾ 175 ಗುಂಡಿ ತೆಗೆಸಬಹುದಿತ್ತಲ್ಲ? ಈ ಹೊಲದ ಎರಡು ಉದ್ದ ಬದಿಗಳಲ್ಲಿ ಬದುವಿನ ಪಕ್ಕಕ್ಕೇ ತೆಂಗಿನ ಸಾಲಿದೆ, ಟ್ರ್ಯಾಕ್ಟರ್ ಹಿಂದೆ ಸರಿದು ನಿಲ್ಲಲು ಜಾಗವಿಲ್ಲ. ಬಿಗಿಯುವ ಕಂಬದ ಜಾಗಗಳನ್ನು ಎರಡು ತೆಂಗಿನ ನಡುವೆ ಬರುವಂತೆ ಒಂದೆರಡು ಅಡಿ ಹೊಂದಿಸಿ, ಅಲ್ಲಿಗೆ ಮಾತ್ರ ಟ್ರ್ಯಾಕ್ಟರನ್ನು ಅಡ್ಡವಾಗಿ ತರಲಾಯಿತು.

ಪರೀಕ್ಷೆಗೆ ತೋಡಿದ ಗುಂಡಿಗಳು

ಬಿಟ್ ಕೊಳ್ಳುವ ಮೊದಲು 6, 8, 12 ಮೂರನ್ನೂ ಬಾಡಿಗೆಗೆ ತಂದು, ಕೆಮ್ಮಣ್ಣಿನಲ್ಲೂ ಎರೆಯಲ್ಲೂ ಒಂದೊಂದು ಗುಂಡಿ ತೋಡಿ ನೋಡಲಾಯಿತು. ಸಾಲಿನ ಮೇಲೆಯೇ ತೋಡಿದರೆ ಗುಂಡಿ ದಂಡವಾಗದು.

ಕೆಮ್ಮಣ್ಣಿನಲ್ಲಿ 6 ಇಂಚು ಬೆಣ್ಣೆಯಲ್ಲಿ ಇಳಿದಂತೆ ಇಳಿಯಿತು, ಕಂಬ ಒಂದೂಕಾಲು ಅಡಿಗೆ ಕಚ್ಚಿಕೊಂಡಿತು. 8 ಇಂಚಿನದು ಮೇಲಿನ ಒಂದೂವರೆ ಅಡಿ ಸಲೀಸು, ಗರಸಿನಲ್ಲಿ ನಿಧಾನ, ಆದರೂ ಕ್ಲಚ್ ಜಾರದೆ ಮುಗಿಯಿತು. ಬಿಟ್ ಅದುರುವುದರಿಂದ ಗುಂಡಿಯ ಬಾಯಿ ಎಂಟೂವರೆ ಇಂಚು ಬಂದಿತ್ತು. 12 ಇಂಚಿನದು ಗರಸು ಸಿಕ್ಕಲ್ಲಿಗೆ ನಿಂತಿತು. ಎರೆಯಲ್ಲಿ ಬೇರೆಯೇ ತೊಂದರೆ. ಮೇಲೆ ಒಣಗಿದ್ದರೂ ಒಂದು ಅಡಿ ಕೆಳಗೆ ತೇವ, ಮಣ್ಣು ಬಿಟ್‌ನ ಸುರುಳಿಗೆ ಅಂಟಿ ಒಂದೇ ಉಂಡೆಯಾಯಿತು. ಒಂದೇ ಸಲಕ್ಕೆ ಎರಡು ಅಡಿ ಇಳಿಸಿದರೆ ಬಿಟ್ ಮೇಲೇಳುವುದಿಲ್ಲ, ಕೆಳಗಿನಿಂದ ಗಾಳಿ ಹೋಗದೆ ಹೀರಿ ಹಿಡಿದಂತಾಗುತ್ತದೆ. ನಾಲ್ಕೈದು ಇಂಚು ಇಳಿಸಿ, ಎತ್ತಿ, ಎಂಜಿನ್ ನಿಲ್ಲಿಸಿ ಮರದ ತುಂಡಿನಿಂದ ಕೆರೆದು ಮತ್ತೆ ಇಳಿಸುವುದೊಂದೇ ದಾರಿ. ಗುಂಡಿಯ ಗೋಡೆ ಗಾಜಿನಂತೆ ನುಣುಪಾಗಿರುತ್ತದೆ, ತುಂಬಿದ ಮಣ್ಣು ಅದಕ್ಕೆ ಹಿಡಿಯುವುದಿಲ್ಲ. ತುಂಬುವ ಮುನ್ನ ಹಾರೆಯಿಂದ ಗೋಡೆಯನ್ನು ಉದ್ದುದ್ದ ಗೀರಬೇಕು.

ಎರೆಯ ನಿಜವಾದ ಕಾಟ ಬೇಸಿಗೆಯಲ್ಲಿ. ಮಳೆಗೆ ಉಬ್ಬಿ, ಬಿಸಿಲಿಗೆ ಕುಗ್ಗಿ ಬಿರಿಯುವ ಮಣ್ಣು ಕಂಬದ ಸುತ್ತ ಬೆರಳು ತೂರುವಷ್ಟು ಸಂದಿ ಬಿಡುತ್ತದೆ. ತೋಡಿದ ಎರೆಯನ್ನೇ ಮರಳಿ ತುಂಬಿದರೆ ವರ್ಷಕ್ಕೊಮ್ಮೆ ಕಂಬ ಸಡಿಲವಾಗುವುದು ಖಂಡಿತ. ಅಲ್ಲಿ ಹುಟ್ಟು ನೆಲ ಹತ್ತಿರವಿರಲಿ ಎಂಬ ಕೆಮ್ಮಣ್ಣಿನ ಲೆಕ್ಕ ತಲೆಕೆಳಗಾಗುತ್ತದೆ. ಕಂಬಕ್ಕೂ ಎರೆಗೂ ನಡುವೆ ಕುಗ್ಗದ, ಉಬ್ಬದ ಗರಸಿನ ದಪ್ಪ ಪಟ್ಟಿ ಬೇಕು. ಅದಕ್ಕೆ ಗುಂಡಿ ಅಗಲವಾಗಿಯೇ ಇರಬೇಕು. ಗರಸು ಎರೆಯ ಚಲನೆಯನ್ನು ನಿಲ್ಲಿಸುವುದಿಲ್ಲ, ಆದರೆ ಅದು ನೇರವಾಗಿ ಕಂಬವನ್ನು ಹಿಡಿದೆಳೆಯದಂತೆ ತಡೆಯುತ್ತದೆ.

ಕೊನೆಗೆ ಆದ ಹಂಚಿಕೆ

ಕೆಮ್ಮಣ್ಣಿನ 109 ಸಾಲುಕಂಬಕ್ಕೆ 8 ಇಂಚಿನ ಬಿಟ್, ಕೈ ಆಗರ್, ತೋಡಿದ ಮಣ್ಣನ್ನೇ ತುಂಬಿ ದಮ್ಮಸು. ತಗ್ಗಿನ ಎರೆಯಲ್ಲಿ ಅಡ್ಡ ಬದಿಯ 36, ಎರಡೂ ಪಕ್ಕದಲ್ಲಿ ಮೇಲಕ್ಕೆ ಆರಾರು, ಒಟ್ಟು 48 ಸಾಲುಕಂಬಕ್ಕೆ ಟ್ರ್ಯಾಕ್ಟರಿನ 12 ಇಂಚು, ಗರಸು ತುಂಬಿ ದಮ್ಮಸು. ತಗ್ಗಿನ ಭಾಗದಲ್ಲಿ ತೆಂಗಿಲ್ಲ, ಟ್ರ್ಯಾಕ್ಟರ್ ಓಡಾಡಲು ತೆರಪಿದೆ. ಇಡಿದ ಮೇಲೆ 65 ಘನ ಅಡಿ ಗರಸು ಬೇಕು, ಸಡಿಲ ಗರಸು ಕಾಲು ಭಾಗ ಹೆಚ್ಚು ಹಿಡಿದರೆ 81 ಘನ ಅಡಿ, ಒಂದು ಟ್ರ್ಯಾಕ್ಟರ್ ಲೋಡಿನಲ್ಲಿ ಆಗುವಷ್ಟು. 18 ಕಲ್ಲುಕಂಬಕ್ಕೆ 12 ಇಂಚು, 3 ಅಡಿ ಆಳ, 1:2:4ರ ಕಾಂಕ್ರೀಟು. ಗುಂಡಿಗೆ 1.6 ಘನ ಅಡಿಯಂತೆ 29 ಘನ ಅಡಿ, ಗುಂಡಿ ಒಡೆದು ಅಗಲವಾಗುವುದಕ್ಕೆ ಶೇಕಡಾ 15 ಸೇರಿಸಿದರೆ 6 ಚೀಲ ಸಿಮೆಂಟು.

34 ಸಪೋರ್ಟ್ ಕಂಬಗಳಿಗೆ ಆಗರ್ ಬಳಸಲಿಲ್ಲ. ಅವು ಓರೆಯಾಗಿ ಕೂರುವುದರಿಂದ ನೆಟ್ಟಗಿನ ದುಂಡು ಗುಂಡಿ ಉಪಯೋಗಕ್ಕೆ ಬಾರದು. ಹಾರೆ, ಸಲಿಕೆಯಲ್ಲಿ ಒಂದು ಅಡಿ ಇಳಿಜಾರು ಗುಂಡಿ ತೆಗೆದು, ಬುಡ ಒತ್ತುವ ಕಡೆ ಚಪ್ಪಟೆ ಕಲ್ಲೊಂದನ್ನು ನಿಲ್ಲಿಸಿ ಕಾಂಕ್ರೀಟು ಹಾಕುವುದು ಸರಿ.

ತೋಡುವ ಕೆಲಸ

ಮೊದಲು ಗಡಿ. ಗಡಿ ಗುರುತಿನ ಬಾಂದು ಕಲ್ಲುಗಳು ಕಾಣದಿದ್ದರೆ ಹದ್ದುಬಸ್ತು, ಅಂದರೆ ಗಡಿ ಸರ್ವೆ, ಮಾಡಿಸಿದ ನಂತರವೇ ಗೂಟ ಹೊಡೆಯಬೇಕು. 12 ಇಂಚಿನ ಗುಂಡಿ ನಡುವಿನಿಂದ ಆಚೆಗೆ ಆರು ಇಂಚು ಹೋಗುತ್ತದೆ, ಬಾಯಿ ಒಡೆದರೆ ಇನ್ನೂ ಸ್ವಲ್ಪ. ಅದಕ್ಕೇ ಗುಂಡಿಗಳ ನಡುಗೆರೆಯನ್ನು ಗಡಿಯಿಂದ ಒಂದು ಅಡಿ ಒಳಗೆ ಇಟ್ಟುಕೊಂಡರೆ ನೆರೆಯವರೊಂದಿಗೆ ತಕರಾರಿಗೆ ಆಸ್ಪದವಿಲ್ಲ. ಬಾಂದು ಕಲ್ಲಿನ ಬುಡಕ್ಕೆ ಬಿಟ್ ಹಚ್ಚುವಂತಿಲ್ಲ. ಬೋರ್‌ವೆಲ್ ಕೇಬಲ್, ಪಿವಿಸಿ ಪೈಪು, ಹನಿ ನೀರಾವರಿಯ ಮೇನ್‌ಲೈನ್ ಎಲ್ಲಿ ಗಡಿ ದಾಟುತ್ತವೆ ಎಂದು ಸುಣ್ಣದ ಪುಡಿಯಲ್ಲಿ ಗುರುತು ಹಾಕಿ. ಆ ಎರಡು ಮೂರು ಗುಂಡಿಗಳು ಕೈಯಲ್ಲೇ ಆಗಲಿ.

ಹಿರಿಯೂರು ಕಡೆ ಹೆಚ್ಚು ಮಳೆ ಬೀಳುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಮಳೆ ನಿಂತು ಮೂರು ನಾಲ್ಕು ದಿನಕ್ಕೆ ಕೆಮ್ಮಣ್ಣು ಹದಕ್ಕೆ ಬರುತ್ತದೆ, ಆಗ ಎಂಟು ಇಂಚಿನ ಬಿಟ್ ಎರಡು ನಿಮಿಷದಲ್ಲಿ ಇಳಿಯುತ್ತದೆ. ಬೇಸಿಗೆಯಲ್ಲೇ ಮಾಡಬೇಕೆಂದರೆ ಹಿಂದಿನ ಸಂಜೆ ಗೂಟದ ಜಾಗದಲ್ಲಿ ಒಂದು ಗೇಣು ಅಗೆದು, ಬಕೆಟ್ ನೀರು ಹೊಯ್ದು ಬಿಡಬೇಕು. ಎರೆಗೆ ಇದು ಉಲ್ಟಾ: ನೀರು ಹೊಯ್ಯಲೂಬಾರದು, ಮಳೆಯ ಮರುದಿನ ಟ್ರ್ಯಾಕ್ಟರ್ ಇಳಿಸಲೂಬಾರದು.

ಬಿಟ್ ಹಚ್ಚುವ ಮುನ್ನ ಗೂಟ ಕಿತ್ತು, ಅದೇ ತೂತಿಗೆ ಬಿಟ್‌ನ ನಡು ಮೊನೆ ಕೂರಿಸಬೇಕು. ಮೊನೆ ಸವೆದಿದ್ದರೆ ಬಿಟ್ ಒಂದೆರಡು ಇಂಚು ಓಡಿಯೇ ಓಡುತ್ತದೆ. ಗುಂಡಿ ಸಾಲಿನಿಂದ ತಪ್ಪುವುದಕ್ಕೆ ಮೊದಲು ಅನುಮಾನಿಸಬೇಕಾದದ್ದು ಹಿಡಿದವರ ಕೈಯನ್ನಲ್ಲ, ಈ ಮೊನೆಯನ್ನು. ಪಕ್ಕದ ಅಲಗುಗಳೂ ಗರಸಿನಲ್ಲಿ ಬೇಗ ಸವೆಯುತ್ತವೆ. 8 ಇಂಚಿನ ಬಿಟ್ ಸವೆದು ಏಳೂವರೆ ಆದರೆ ಕಂಬ ಸರಿಸುವ ಜಾಗ ಒಂದೂವರೆಯಿಂದ ಒಂದೂಕಾಲು ಇಂಚಿಗಿಂತ ಕೆಳಗಿಳಿಯುತ್ತದೆ. ದಿನದ ಕೊನೆಗೆ ಟೇಪು ಹಿಡಿದು ನೋಡಿ, ಅಲಗಿನ ಬೋಲ್ಟುಗಳನ್ನು ಪಾನಾದಲ್ಲಿ ಬಿಗಿ ಮಾಡಿ. ಅಲಗು ಬಿಚ್ಚಿ ಹಾಕುವಂಥ ಬಿಟ್ ಕೊಳ್ಳುವುದೇ ಒಳ್ಳೆಯದು. ಪೆಟ್ರೋಲಿಗೆ ಟು-ಸ್ಟ್ರೋಕ್ ಆಯಿಲ್ ಬೆರೆಸುವುದು ಮಷಿನ್ ಪುಸ್ತಕದಲ್ಲಿ ಹೇಳಿದಂತೆ. 25:1 ಎಂದಿದ್ದರೆ ಲೀಟರಿಗೆ 40 ಮಿ.ಲೀ.

ಆಳದ ಗುರುತಿಗೆ ಬಿಟ್‌ನ ದಂಡಕ್ಕೆ ಬಣ್ಣದ ಟೇಪು ಸುತ್ತಿ. ಎರಡು ಅಡಿ ಕಂಬ ಒಳಗಿರಬೇಕೆಂದರೆ ಎರಡು ಅಡಿ ತೋಡಿದರೆ ಸಾಲದು. ಬಿಟ್ ಎತ್ತಿದ ಮೇಲೆ ಎರಡರಿಂದ ನಾಲ್ಕು ಇಂಚು ಸಡಿಲ ಮಣ್ಣು ತಳದಲ್ಲಿ ಉಳಿದಿರುತ್ತದೆ. ಅದರ ಮೇಲೆ ಕಂಬ ನಿಲ್ಲಿಸಿದರೆ ದಮ್ಮಸು ಹೊಡೆಯುವಾಗಲೋ ಮೊದಲ ಮಳೆಗೋ ಕುಸಿಯುತ್ತದೆ, ಕಂಬದ ತಲೆಗಳು ಏರುಪೇರಾಗುತ್ತವೆ. ಎರಡೂಕಾಲು ಅಡಿ ತೋಡಿ, ಸಡಿಲ ಮಣ್ಣನ್ನು ಹಾರೆಯ ಮೊಂಡು ತುದಿಯಿಂದ ಬಡಿದು, ಮೇಲೆ ಎರಡು ಹಿಡಿ ಜಲ್ಲಿ ಹಾಕಿ ಬಡಿದರೆ ತಳ ಗಟ್ಟಿ.

ಚಿಕ್ಕ ಬಿಟ್‌ನಲ್ಲಿ ಮೊದಲು ತೋಡಿ, ಆಮೇಲೆ ದೊಡ್ಡದರಿಂದ ಅಗಲ ಮಾಡುವ ಉಪಾಯವನ್ನು ತುಂಬಾ ಜನ ಮಾಡುತ್ತಾರೆ. ಗಟ್ಟಿ ನೆಲದಲ್ಲಿ ಅದು ಉಪಯೋಗಕ್ಕೆ ಬರುತ್ತದೆ, ಆದರೆ ಪೂರ್ತಿ ಆಳಕ್ಕೆ ಮೊದಲೇ ತೂತು ಮಾಡಿಬಿಟ್ಟರೆ ದೊಡ್ಡ ಬಿಟ್‌ನ ಮೊನೆಗೆ ಕಚ್ಚಲು ಮಣ್ಣೇ ಇರುವುದಿಲ್ಲ. ಬಿಟ್ ಅಲೆದಾಡಿ, ಒಂದು ಕಡೆ ಒಮ್ಮೆಲೇ ಕಚ್ಚಿ ಹಿಡಿಕೆಯನ್ನು ಕಿತ್ತುಕೊಂಡಂತೆ ತಿರುಗಿಸುತ್ತದೆ. ಮಾಡುವುದಾದರೆ ಒಂದೊಂದು ಅಡಿಗೆ ಚಿಕ್ಕದು, ದೊಡ್ಡದು ಎಂದು ಬದಲಿಸುತ್ತಾ ಹೋಗಬೇಕು. 109 ಗುಂಡಿಗೆ ಹೀಗೆ ಮಾಡುತ್ತಾ ಕೂರುವುದು ದಂಡ.

ಕಲ್ಲಿಗೆ ತಾಗಿದಾಗ ಬರುವ ಹೊಡೆತ ದೊಡ್ಡದು. ಕಾಲು ಅಗಲಿಸಿ ನಿಂತು, ಹಿಡಿಕೆಯನ್ನು ದೇಹಕ್ಕೆ ಹತ್ತಿರ ಹಿಡಿದು, ಆಕ್ಸಿಲರೇಟರ್ ಕಡಿಮೆಯಿಂದ ಶುರು ಮಾಡಬೇಕು. ಭುಜದ ಟವೆಲ್, ಇಳಿಬಿದ್ದ ಪಂಚೆ ಬೇಡವೇ ಬೇಡ. ಬಿಟ್ ಸಿಕ್ಕಿಕೊಂಡರೆ ಎಂಜಿನ್ ನಿಲ್ಲಿಸಿ, ಪೈಪ್ ರೆಂಚ್ ಹಾಕಿ ಹಿಮ್ಮುಖವಾಗಿ ತಿರುಗಿಸಿ ಬಿಡಿಸಬೇಕು. ಟ್ರ್ಯಾಕ್ಟರ್ ಡಿಗ್ಗರ್‌ನಲ್ಲೂ ಅಷ್ಟೇ: ಒಮ್ಮೆಲೇ ಕೆಳಗೆ ಬಿಟ್ಟರೆ ಬಿಟ್ ತಿರುಪಿನಂತೆ ನೆಲಕ್ಕೆ ಹೊಕ್ಕು ಕೂರುತ್ತದೆ. ಪಿಟಿಒ ಬಂದ್ ಮಾಡಿ ಕೈಯಿಂದಲೇ ಹಿಂದಕ್ಕೆ ತಿರುಗಿಸಬೇಕು. ಗೇರ್‌ಬಾಕ್ಸ್ ಉಳಿಸಲೆಂದೇ ಹಾಕಿರುವ ಶಿಯರ್ ಬೋಲ್ಟ್ ತುಂಡಾದಾಗ ಅದರ ಜಾಗಕ್ಕೆ ಗಟ್ಟಿ ಬೋಲ್ಟು ಹಾಕುವವರಿದ್ದಾರೆ. ಮುಂದಿನ ಕಲ್ಲಿಗೆ ಬೋಲ್ಟಿನ ಬದಲು ಗೇರು ತುಂಡಾಗುತ್ತದೆ.

ಕೆಮ್ಮಣ್ಣಿನ ಕೆಲವು ಜಾಗಗಳಲ್ಲಿ ಗುಂಡುಕಲ್ಲು ಸಿಕ್ಕಿತು. ಆಗ ಬಿಟ್ ಬದಲಿಸುವುದರಿಂದ ಏನೂ ಆಗದು. ಸಾಲಿನ ಉದ್ದಕ್ಕೆ ಒಂದು ಅಡಿ ಆಚೀಚೆ ಸರಿದು ತೋಡಿದರೆ ಸಾಲುಕಂಬಕ್ಕೆ ನಷ್ಟವಿಲ್ಲ, 8¼ ಅಡಿ ಅಂತರ 9¼ ಆದರೆ ಜಾಲರಿ ತಡೆಯುತ್ತದೆ. ಸಾಲು ಬಿಟ್ಟು ಒಳಗೆ ಅಥವಾ ಹೊರಗೆ ಸರಿಯುವಂತಿಲ್ಲ. ಸರಿದರೂ ಬಂಡೆಯೇ ಸಿಕ್ಕರೆ ಸಿಕ್ಕಷ್ಟು ಆಳಕ್ಕೆ ಹಾರೆಯಿಂದ ಒಂದು ಅಡಿ ಅಗಲ ಮಾಡಿ, ಆ ಗುಂಡಿಗೆ ಮಾತ್ರ ಕಾಂಕ್ರೀಟು.

ನಿಲ್ಲಿಸುವುದು, ಇಡಿಯುವುದು

ಮೂಲೆಯ ಮತ್ತು ಬಿಗಿಯುವ ಕಲ್ಲುಕಂಬಗಳು ಮೊದಲು ನಿಲ್ಲಬೇಕು. ಅವುಗಳ ನಡುವೆ ಬುಡದಲ್ಲೊಂದು, ತಲೆಯಲ್ಲೊಂದು ದಾರ ಕಟ್ಟಿ ಸಾಲುಕಂಬಗಳನ್ನು ತರಬೇಕು. ಕಂಬ ದಾರಕ್ಕೆ ತಾಗಬಾರದು, ಕೂದಲೆಳೆ ಬಿಟ್ಟಿರಬೇಕು. ಒಂದು ಕಂಬ ದಾರವನ್ನು ತಳ್ಳಿದರೆ ಮುಂದಿನವೆಲ್ಲ ಅದರಂತೆಯೇ ಸಾಗುತ್ತವೆ. ತೂಗುಗುಂಡು ಎರಡು ಮುಖಕ್ಕೂ ಹಿಡಿಯಿರಿ.

ತುಂಬುವುದು ನಾಲ್ಕರಿಂದ ಆರು ಇಂಚಿನ ಪದರದಲ್ಲಿ, ಪ್ರತಿ ಪದರಕ್ಕೂ ಸುತ್ತಲೂ ಇಡಿತ. ಹಾರೆ ಬಡಿದಾಗ ‘ಧಪ್’ ಎನ್ನುವ ಸದ್ದು ‘ಟಣ್’ ಎನ್ನಬೇಕು, ಅಲ್ಲಿಯವರೆಗೆ ಮುಂದಿನ ಬಾಂಡ್ಲಿ ಸುರಿಯಬಾರದು. ಕೆಳಗಿನ ಪದರದಲ್ಲೂ ನೆಲಮಟ್ಟಕ್ಕೆ ಹತ್ತಿರದ ಪದರದಲ್ಲೂ ಕಲ್ಲುಚೂರುಗಳನ್ನು ಬೆಣೆಯಂತೆ ಬಡಿದರೆ ಕಂಬ ಹಿಂದೆ ಮುಂದೆ ಆಡುವುದಿಲ್ಲ. ಒಣ ಪುಡಿ ಮಣ್ಣು ಕೂಡಿಕೊಳ್ಳದು, ಕೆಸರೂ ಕೂಡಿಕೊಳ್ಳದು. ಮುಷ್ಟಿ ಕಟ್ಟಿದರೆ ಉಂಡೆ ನಿಲ್ಲುವಷ್ಟು ತೇವ ಸಾಕು. ಎರಡು ಅಡಿಗೆ ನಾಲ್ಕರಿಂದ ಆರು ಪದರ ಬರುತ್ತವೆ. ಕೂಲಿಯವರು ಎರಡೇ ಸಲ ತುಂಬಿ ಮುಗಿಸುವುದೇ ಬೇಲಿ ಅಲ್ಲಾಡುವುದಕ್ಕೆ ಮುಖ್ಯ ಕಾರಣ, ಬಿಟ್ ಎಷ್ಟು ಇಂಚಿನದಾಗಿದ್ದರೂ ಇದನ್ನು ಸರಿಪಡಿಸದು. ಇಬ್ಬರು ಸೇರಿ ದಿನಕ್ಕೆ 60–70 ಗುಂಡಿ ತೋಡಬಹುದು, ಆದರೆ ನಿಲ್ಲಿಸಿ ಇಡಿಯುವುದು ಅದರ ಅರ್ಧ ವೇಗದಲ್ಲಿ ಸಾಗುತ್ತದೆ. ಇವತ್ತು ತೋಡಿದ ಗುಂಡಿಗೆ ಇವತ್ತೇ ಕಂಬ ನಿಲ್ಲುವಂತೆ ಕೆಲಸ ಹಂಚಿಕೊಳ್ಳಿ. ರಾತ್ರಿ ಮಳೆ ಬಂದರೆ ಬಾಯಿ ಕುಸಿದು 8 ಇಂಚಿನ ಗುಂಡಿ 11 ಆಗಿರುತ್ತದೆ, ಕರು, ನಾಯಿ ಕಾಲಿಡುವ ಅಪಾಯ ಬೇರೆ.

ಕಾಂಕ್ರೀಟಿನಲ್ಲಿ ನಿಲ್ಲಿಸಿದ ಕಂಬಗಳ ಬುಡಕ್ಕೆ ಏಳು ದಿನ ನೀರು ಹಾಕಿ, ಆಮೇಲೆಯೇ ಜಾಲರಿ ಎಳೆಯಬೇಕು. ಎರೆಯ ಐದು ಕಲ್ಲುಕಂಬಗಳಲ್ಲಿ ಕಾಂಕ್ರೀಟು ನೆಲದ ಮೇಲೆ ಅಣಬೆಯಂತೆ ಹರಡಿಕೊಳ್ಳದ ಹಾಗೆ ನೋಡಿಕೊಳ್ಳಬೇಕು, ಉಬ್ಬುವ ಮಣ್ಣು ಆ ಅಂಚನ್ನೇ ಹಿಡಿದು ಕಂಬವನ್ನು ಮೇಲೆತ್ತುತ್ತದೆ. ತಳವನ್ನು ಹಾರೆಯಿಂದ ಸುತ್ತ ಎರಡು ಇಂಚು ಅಗಲ ಮಾಡಿ, ಮೇಲೆ ನೆಟ್ಟಗೆ ತಂದು, ತುದಿಯನ್ನು ನೀರು ಹರಿದುಹೋಗುವಂತೆ ಇಳಿಜಾರು ಮಾಡಿದರೆ ಸರಿ.

ಕಂಬ ಬೇರೆಯಾದರೆ

ಸಾಲಿಗೂ ಕಲ್ಲುಕಂಬವನ್ನೇ ಹಾಕುವವರು ಇಲ್ಲಿನ 8 ಇಂಚನ್ನು ಹಾಗೇ ಎತ್ತಿಕೊಳ್ಳಬಾರದು. 6×4 ಇಂಚಿನ ಕಲ್ಲಿನ ಮೂಲೆ ಅಳತೆ 7.2 ಇಂಚು, 8 ಇಂಚಿನ ಗುಂಡಿಯಲ್ಲಿ ಅರ್ಧ ಇಂಚು ಸರಿಸಲು ಸಿಕ್ಕರೆ ಹೆಚ್ಚು. ಅದಕ್ಕೆ 10 ಬೇಕು. ಎರಡು ಇಂಚಿನ ಜಿಐ ಪೈಪು ಅಥವಾ 50 ಮಿ.ಮೀ. ಆಂಗಲ್‌ಗೆ 6 ಇಂಚಿನ ಬಿಟ್ಟೇ ಸರಿ, ಆದರೆ ಅವಕ್ಕೆ ದಮ್ಮಸು ಸಾಲದು, ಕಾಂಕ್ರೀಟು ಬೇಕೇ ಬೇಕು. ನಾಲ್ಕು ಇಂಚಿನ ದುಂಡು ಗಾಳಿಮರ, ಸಿಲ್ವರ್ ಓಕ್ ಗಳುಗಳಿಗೆ 8.

ಈ ಹೊಲದ ಬೇಲಿಗೆ ಮೊದಲ ಮಳೆಗಾಲದ ನಂತರ ಒಮ್ಮೆ ಸುತ್ತು ಹಾಕುವ ಕೆಲಸ ಉಳಿಯುತ್ತದೆ. ಕೆಮ್ಮಣ್ಣಿನ ಕಂಬಗಳ ಬುಡದಲ್ಲಿ ತಗ್ಗು ಬಿದ್ದಿದ್ದರೆ ಮಣ್ಣು ಏರಿಸಿ ಇಡಿಯಬೇಕು, ನೀರು ನಿಲ್ಲದಂತೆ ದಿಬ್ಬ ಕಟ್ಟಬೇಕು. ಎರೆಯ 48 ಕಂಬಗಳನ್ನು ಏಪ್ರಿಲ್‌ನಲ್ಲಿ ಮತ್ತೊಮ್ಮೆ ನೋಡಿ, ಗರಸಿನ ಪಟ್ಟಿಗೂ ಎರೆಗೂ ನಡುವೆ ಬಿರುಕು ಬಿಟ್ಟಿದ್ದರೆ ಒಣ ಗರಸಿನ ಪುಡಿಯನ್ನು ಸುರಿದು ಸರಳಿನಿಂದ ಚುಚ್ಚಿ ತುಂಬಬೇಕು. ಅದಕ್ಕಾಗಿ ಅರ್ಧ ಗಾಡಿ ಗರಸನ್ನು ತಗ್ಗಿನ ಮೂಲೆಯಲ್ಲಿ ಈಗಲೇ ಉಳಿಸಿಕೊಂಡಿರಬೇಕು.